ಕಡಲಿನ ಕೂಗಿಗೆ ಕಿವಿಯಾದ ಮಾರ್ಕೋನಿ

ಚಂಡಮಾರುತ ಬೀಸಿದಾಗ, ಭೂಮಿ ನಡುಗಿದಾಗ, ನದಿ ಉಕ್ಕಿ ಊರು ಮುಳುಗಿದಾಗ ಮೊದಲು ಕಡಿದುಹೋಗುವುದು ಸಂಪರ್ಕ. ದೂರವಾಣಿ ಕಂಬಗಳು ಉರುಳುತ್ತವೆ, ಮೊಬೈಲ್ ಗೋಪುರಗಳು ವಿದ್ಯುತ್ ಇಲ್ಲದೆ ಮೂಕವಾಗುತ್ತವೆ. ಅಂತಹ ಹೊತ್ತಿನಲ್ಲಿ ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ, ಕೋಸ್ಟ್ ಗಾರ್ಡ್ ಸಿಬ್ಬಂದಿಗೆ ಬಹುಮಟ್ಟಿಗೆ ಉಳಿಯುವ ಆಸರೆಯೆಂದರೆ ನಿಸ್ತಂತು. ಇಂದು ಈ ನಿಸ್ತಂತು ವ್ಯವಸ್ಥೆ ಡಿಜಿಟಲ್ ರೂಪ ತಾಳಿದೆ. ಮಾತು, ಸ್ಥಳದ ಗುರುತು, ಅಪಾಯದ ಸೂಚನೆ ಎಲ್ಲವೂ ಸೊನ್ನೆ ಮತ್ತು ಒಂದರ ಸಾಲುಗಳಾಗಿ ಗಾಳಿಯಲ್ಲಿ ಸಾಗುತ್ತವೆ.

ಇದನ್ನು ತೀರ ಹೊಸ ಸಂಗತಿಯೆಂದು ಭಾವಿಸುವವರೇ ಹೆಚ್ಚು. ಆದರೆ ಜಗತ್ತಿನ ಮೊದಲ ನಿಸ್ತಂತು ಸಂದೇಶಗಳೂ ಸ್ವಭಾವದಲ್ಲಿ ಡಿಜಿಟಲ್ ಆಗಿಯೇ ಇದ್ದವು. ಅಂದಿನ ಕಿಡಿಯಂತ್ರಗಳಿಗೆ ಮನುಷ್ಯನ ದನಿಯನ್ನು ಹೊತ್ತೊಯ್ಯುವ ಶಕ್ತಿ ಇರಲಿಲ್ಲ. ಅಲೆ ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳಲ್ಲಿ ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳನ್ನು ಅವು ಕಳುಹಿಸುತ್ತಿದ್ದವು. ಆ ಚುಕ್ಕೆ ಗೆರೆಗಳಿಂದಲೇ ನಡುಗಡಲಿನಲ್ಲಿ ಸಾವಿರಾರು ಜೀವಗಳು ಉಳಿದವು. ಅದನ್ನು ಸಾಧ್ಯವಾಗಿಸಿದವರು ಇಟಲಿಯ ಗುಗ್ಲಿಯೆಲ್ಮೊ ಮಾರ್ಕೋನಿ. ಜೀವ ಉಳಿಸುವ ಸಾಧನವನ್ನು ಲೋಕಕ್ಕೆ ಕೊಟ್ಟವರೂ ಅವರೇ, ಅದಕ್ಕೆ ವ್ಯಾಪಾರದ ಬೇಲಿ ಹಾಕಿದವರೂ ಅವರೇ. ಅವರ ಬದುಕನ್ನು ಇಂದು ಮತ್ತೆ ನೋಡಬೇಕಾದದ್ದು ಈ ಎರಡೂ ಕಾರಣಗಳಿಗಾಗಿ.

ರೇಷ್ಮೆ ಹುಳುಗಳ ಅಟ್ಟದಲ್ಲಿ

ಮಾರ್ಕೋನಿ ಜನಿಸಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೋನ್ಯಾ ನಗರದಲ್ಲಿ. ತಂದೆ ಜುಸೆಪ್ಪೆ ಅನುಕೂಲಸ್ಥ ಭೂಮಾಲೀಕರು. ತಾಯಿ ಆ್ಯನಿ ಜೇಮ್ಸನ್ ಐರ್ಲೆಂಡಿನ ಪ್ರಸಿದ್ಧ ವಿಸ್ಕಿ ತಯಾರಕರ ಮನೆತನದವರು. ನಗರದ ಹೊರವಲಯದ ಪೊಂಟೆಕ್ಕಿಯೊ ಎಂಬಲ್ಲಿ ಕುಟುಂಬಕ್ಕೆ ವಿಲ್ಲಾ ಗ್ರಿಫೋನೆ ಎಂಬ ದೊಡ್ಡ ಮನೆಯಿತ್ತು. ಮಗನ ಶಾಲಾ ವಿದ್ಯಾಭ್ಯಾಸ ನೆಟ್ಟಗೆ ನಡೆಯಲಿಲ್ಲ, ವಿಶ್ವವಿದ್ಯಾನಿಲಯದಲ್ಲಿ ಪ್ರವೇಶವೂ ದೊರೆಯಲಿಲ್ಲ. ತಂದೆಗೆ ಈ ಬಗ್ಗೆ ಅಸಮಾಧಾನವಿತ್ತು. ತಾಯಿ ಮಾತ್ರ ಮಗನ ಬೆನ್ನಿಗೆ ನಿಂತರು. ಬೊಲೋನ್ಯಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಅಗಸ್ಟೊ ರಿಗಿ ನೆರೆಯವರಾಗಿದ್ದರು. ಅವರ ಪ್ರಯೋಗಾಲಯ ಮತ್ತು ಗ್ರಂಥಾಲಯದ ಬಾಗಿಲು ಯುವಕನಿಗೆ ತೆರೆಯಿತು.

ವಿದ್ಯುತ್ಕಾಂತೀಯ ಅಲೆಗಳ ಅಸ್ತಿತ್ವವನ್ನು ಪ್ರಯೋಗದಿಂದ ತೋರಿಸಿದ ಜರ್ಮನಿಯ ಹೈನ್ರಿಕ್ ಹರ್ಟ್ಸ್ 1894ರ ಜನವರಿಯಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ಸಾಧನೆ ಕುರಿತ ಬರಹವೊಂದನ್ನು ಆ ಬೇಸಿಗೆಯಲ್ಲಿ ಓದಿದ ಮಾರ್ಕೋನಿಗೆ, ಈ ಅಲೆಗಳಿಂದ ತಂತಿಯಿಲ್ಲದೆ ಸಂದೇಶ ಕಳುಹಿಸಬಹುದೆಂಬ ವಿಚಾರ ಹೊಳೆಯಿತು. ಆಗ ಅವರಿಗೆ ಇಪ್ಪತ್ತು ವರ್ಷ. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಮನೆಯ ಅಟ್ಟವೇ ಪ್ರಯೋಗಶಾಲೆಯಾಯಿತು. ಆ ವರ್ಷದ ಕೊನೆಗೆ, ಕೋಣೆಯ ಒಂದು ಬದಿಯಲ್ಲಿ ಗುಂಡಿ ಒತ್ತಿದರೆ ಇನ್ನೊಂದು ಬದಿಯಲ್ಲಿ ತಂತಿಯ ನಂಟಿಲ್ಲದೆ ಗಂಟೆ ಬಾರಿಸುವಂತೆ ಮಾಡಿ ತಾಯಿಗೆ ತೋರಿಸಿದರು.

ಮಾರ್ಕೋನಿ ಬಳಸಿದ ಬಿಡಿಭಾಗಗಳಲ್ಲಿ ಬಹುಪಾಲು ಇತರರು ಕಂಡುಹಿಡಿದವೇ. ಕಿಡಿ ಹೊಮ್ಮಿಸುವ ಸಾಧನ ಹರ್ಟ್ಸ್ ಮತ್ತು ರಿಗಿ ಅವರದು. ಅಲೆಯನ್ನು ಗುರುತಿಸುವ ಕೊಹೆರರ್ ಎಂಬ ಲೋಹಪುಡಿಯ ಕೊಳವೆ ಫ್ರಾನ್ಸಿನ ಎಡ್ವರ್ಡ್ ಬ್ರಾನ್ಲಿ ಮತ್ತು ಇಂಗ್ಲೆಂಡಿನ ಆಲಿವರ್ ಲಾಜ್ ಅವರ ಕೆಲಸದಿಂದ ಬಂದದ್ದು. ಮಾರ್ಕೋನಿಯ ಹೆಚ್ಚುಗಾರಿಕೆ ಇದ್ದದ್ದು ದೂರವನ್ನು ಹಿಗ್ಗಿಸುವುದರಲ್ಲಿ. ಯಂತ್ರದ ಒಂದು ತುದಿಯನ್ನು ಎತ್ತರಕ್ಕೆ ಏರಿಸಿದ ತಂತಿಗೂ ಇನ್ನೊಂದು ತುದಿಯನ್ನು ನೆಲಕ್ಕೂ ಜೋಡಿಸಿದಾಗ ಸಂದೇಶ ಬಹಳ ಮುಂದಕ್ಕೆ ಹೋಗುವುದನ್ನು ಅವರು 1895ರಲ್ಲಿ ಕಂಡುಕೊಂಡರು. ಮನೆಯೆದುರಿನ ಗುಡ್ಡದಾಚೆ ಅಣ್ಣ ಅಲ್ಫೋನ್ಸೊ ನಿಂತಿದ್ದರು. ಸಂಕೇತ ತಲುಪಿದೊಡನೆ ಅವರು ಹಾರಿಸಿದ ಬಂದೂಕಿನ ಸದ್ದು ಮನೆಯವರೆಗೂ ಕೇಳಿತು. ಸುಮಾರು 2 ಕಿ.ಮೀ. ದೂರ, ನಡುವೆ ಗುಡ್ಡ. ಕಣ್ಣಿಗೆ ಕಾಣದ ಕಡೆಗೂ ಸುದ್ದಿ ಮುಟ್ಟಿಸಬಹುದೆಂಬುದು ಅಂದು ಸಿದ್ಧವಾಯಿತು.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಈ ದಿಸೆಯಲ್ಲಿ ಮಹತ್ತರ ಕೆಲಸ ನಡೆದಿತ್ತು. ಆಚಾರ್ಯ ಜಗದೀಶಚಂದ್ರ ಬೋಸ್ 1895ರಲ್ಲಿ ಕಲ್ಕತ್ತಾದ ಪುರಭವನದಲ್ಲಿ, ಗೋಡೆಗಳನ್ನು ದಾಟಿ ಹೋದ ಅಲೆಯಿಂದ ಗಂಟೆ ಬಾರಿಸಿ, ಮದ್ದಿನಪುಡಿ ಸಿಡಿಸಿ ತೋರಿಸಿದ್ದರು. ಬೋಸರ ಆಸಕ್ತಿ ಅಲೆಗಳ ಗುಣವನ್ನು ಅರಿಯುವುದರಲ್ಲಿತ್ತು. ಮಾರ್ಕೋನಿಯದು ಅವುಗಳನ್ನು ದುಡಿಸಿಕೊಳ್ಳುವುದರಲ್ಲಿತ್ತು. ಇಬ್ಬರ ದಾರಿಯೂ ಬೇರೆಯಾದದ್ದು ಇಲ್ಲಿಯೇ.

ಮರಳದಿಬ್ಬದ ಮೇಲಿನ ಮೊದಲ ಕರೆ

1896ರ ಆರಂಭದಲ್ಲಿ ಮಾರ್ಕೋನಿ ತಾಯಿಯೊಡನೆ ಲಂಡನ್ನಿಗೆ ಬಂದರು. ಜಗತ್ತಿನ ಅತಿ ದೊಡ್ಡ ವ್ಯಾಪಾರಿ ಹಡಗುಪಡೆ ಬ್ರಿಟನ್ನಿನದು. ನಿಸ್ತಂತು ಬೇಕಾದದ್ದು ಎಲ್ಲಕ್ಕಿಂತ ಹೆಚ್ಚಾಗಿ ಹಡಗುಗಳಿಗೆ, ಏಕೆಂದರೆ ಅಲ್ಲಿಗೆ ತಂತಿ ಎಳೆಯಲಾಗದು. ಜೂನ್ 2ರಂದು ಅವರು ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಬ್ರಿಟಿಷ್ ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಈ ಇಟಲಿಯ ಯುವಕನಿಗೆ ಬೆಂಬಲವಾಗಿ ನಿಂತರು. 1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಾಲುವೆಯ ಫ್ಲ್ಯಾಟ್ ಹೋಮ್ ದ್ವೀಪದಿಂದ ವೇಲ್ಸ್ ಕರಾವಳಿಗೆ, ನೀರಿನ ಮೇಲೆ ಮೊದಲ ನಿಸ್ತಂತು ಸಂದೇಶ ದಾಟಿತು. ಅದೇ ಜುಲೈನಲ್ಲಿ ಮಾರ್ಕೋನಿಯ ಕಂಪನಿ ಸ್ಥಾಪನೆಯಾಯಿತು.

ಈ ಸಾಧನದ ನಿಜವಾದ ಬೆಲೆ ತಿಳಿದದ್ದು ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಗುಡ್ವಿನ್ ಮರಳದಿಬ್ಬಗಳ ಬಳಿ. ನೂರಾರು ಹಡಗುಗಳನ್ನು ನುಂಗಿದ ಅಪಾಯಕಾರಿ ತಾಣವದು. ನಾವಿಕರನ್ನು ಎಚ್ಚರಿಸಲು ಅಲ್ಲಿ ದೀಪಹಡಗುಗಳನ್ನು ಲಂಗರು ಹಾಕಿ ನಿಲ್ಲಿಸಲಾಗುತ್ತಿತ್ತು. ಅಪಘಾತ ಕಣ್ಣೆದುರೇ ನಡೆದರೂ ದಡಕ್ಕೆ ಸುದ್ದಿ ಮುಟ್ಟಿಸಲು ಅವುಗಳಲ್ಲಿದ್ದವರಿಗೆ ಬಾಣಬಿರುಸು, ಫಿರಂಗಿ ಸದ್ದುಗಳಷ್ಟೇ ಗತಿ. ಮಂಜು ಮುಸುಕಿದರೆ ಅದೂ ವ್ಯರ್ಥ. 1898ರ ಡಿಸೆಂಬರ್‌ನಲ್ಲಿ ಈಸ್ಟ್ ಗುಡ್ವಿನ್ ದೀಪಹಡಗಿಗೂ ದಡದ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭಕ್ಕೂ ಮಾರ್ಕೋನಿ ನಿಸ್ತಂತು ಸಂಪರ್ಕ ಕಲ್ಪಿಸಿದರು.

ಮೂರೇ ತಿಂಗಳಲ್ಲಿ ಅದು ಕೆಲಸಕ್ಕೆ ಬಂತು. 1899ರ ಮಾರ್ಚ್‌ನಲ್ಲಿ ಎಲ್ಬೆ ಎಂಬ ವ್ಯಾಪಾರಿ ಹಡಗು ಮರಳದಿಬ್ಬಕ್ಕೆ ಸಿಲುಕಿತು. ದೀಪಹಡಗಿನಿಂದ ಸಂಕೇತ ಹೊರಟಿತು, ದೀಪಸ್ತಂಭದಲ್ಲಿದ್ದವರು ರಾಮ್ಸ್‌ಗೇಟ್‌ನ ಜೀವರಕ್ಷಕ ದೋಣಿಗೆ ಸುದ್ದಿ ಮುಟ್ಟಿಸಿದರು. ಏಪ್ರಿಲ್ ಕೊನೆಯಲ್ಲಿ ಮಂಜಿನ ನಡುವೆ ಆರ್.ಎಫ್. ಮ್ಯಾಥ್ಯೂಸ್ ಎಂಬ ಹಡಗು ಬಂದು ದೀಪಹಡಗಿಗೇ ಡಿಕ್ಕಿ ಹೊಡೆಯಿತು. ಈ ಬಾರಿ ದೀಪಹಡಗು ತನಗಾಗಿಯೇ ನೆರವು ಕೋರಬೇಕಾಯಿತು. ವಿಪತ್ತಿನ ನಡುವಿನಿಂದ ನಿಸ್ತಂತು ಮೂಲಕ ಹೊರಟ ಮೊದಲ ಕರೆಗಳೆಂದು ಇತಿಹಾಸ ಗುರುತಿಸುವುದು ಇವುಗಳನ್ನೇ.

ಸಾಗರ ದಾಟಿದ ಮೂರು ಚುಕ್ಕೆ

ಅಲೆಗಳು ನೇರ ಗೆರೆಯಲ್ಲಿ ಸಾಗುತ್ತವೆ, ಭೂಮಿ ಗುಂಡಗಿದೆ, ಹೀಗಾಗಿ ಕೆಲವು ನೂರು ಕಿ.ಮೀ.ಗಿಂತ ಆಚೆಗೆ ನಿಸ್ತಂತು ಕೆಲಸ ಮಾಡದೆಂಬುದು ಅಂದಿನ ಬಹುತೇಕ ವಿಜ್ಞಾನಿಗಳ ನಂಬಿಕೆ. ಮಾರ್ಕೋನಿ ಇದನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪೋಲ್ಡು ಎಂಬಲ್ಲಿ ಭಾರಿ ಕೇಂದ್ರ ಕಟ್ಟಿಸಿದರು. 1901ರ ಸೆಪ್ಟೆಂಬರ್‌ನ ಬಿರುಗಾಳಿಗೆ ಅದರ ಕಂಬಗಳು ಉರುಳಿದವು. ಅಮೆರಿಕದ ಕೇಪ್ ಕಾಡ್‌ನಲ್ಲಿ ನಿಲ್ಲಿಸಿದ್ದ ಕಂಬಗಳಿಗೂ ಇದೇ ಗತಿಯಾಯಿತು. ಆದರೂ ಹಿಂಜರಿಯದೆ ಇಬ್ಬರು ಸಹಾಯಕರಾದ ಜಾರ್ಜ್ ಕೆಂಪ್ ಮತ್ತು ಪರ್ಸಿ ಪ್ಯಾಜೆಟ್ ಅವರೊಡನೆ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ತಲುಪಿದರು. ಅಲ್ಲಿನ ಸಿಗ್ನಲ್ ಹಿಲ್ ಮೇಲೆ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಬಿಟ್ಟರು. ಡಿಸೆಂಬರ್ 12ರಂದು ಪೋಲ್ಡುವಿನಿಂದ ಹೊರಟ ಮೂರು ಚುಕ್ಕೆಗಳು, ಅಂದರೆ ಮೋರ್ಸ್ ಸಂಕೇತದ ಎಸ್ ಅಕ್ಷರ, ಕೇಳಿಸಿದವೆಂದು ಪ್ರಕಟಿಸಿದರು. ನಡುವಿನ ದೂರ ಸುಮಾರು 3,400 ಕಿ.ಮೀ.

ಆ ದಿನ ಅವರು ನಿಜವಾಗಿಯೂ ಸಂಕೇತ ಕೇಳಿದರೇ ಅಥವಾ ವಾತಾವರಣದ ಗುಯ್‌ಗುಡುವಿಕೆಯನ್ನೇ ಸಂಕೇತವೆಂದು ಭ್ರಮಿಸಿದರೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅಂದು ಬಳಸಿದ ಪಾದರಸದ ಗ್ರಾಹಕ ಸಾಧನ, ಬೋಸ್ 1899ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ವರ್ಣಿಸಿದ್ದ ಸಾಧನದ ರೂಪವೇ ಆಗಿತ್ತೆಂದು ಸಂಶೋಧಕರು ತೋರಿಸಿದ್ದಾರೆ. ಬೋಸರಿಗೆ ಅದರ ಕೀರ್ತಿ ಆಗ ಸಲ್ಲಲಿಲ್ಲ. ಮರುವರ್ಷ ಫಿಲಡೆಲ್ಫಿಯಾ ಹಡಗಿನಲ್ಲಿ ಸಾಕ್ಷಿಗಳೆದುರು ನಡೆಸಿದ ಪ್ರಯೋಗದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿರಲಿಲ್ಲ. ಹಗಲಿಗಿಂತ ರಾತ್ರಿಯಲ್ಲಿ ಸಂದೇಶ ಬಹಳ ಹೆಚ್ಚು ದೂರ ಸಾಗುವುದೂ ಆಗಲೇ ಗೊತ್ತಾಯಿತು. ವಾತಾವರಣದ ಮೇಲ್ಪದರವು ಅಲೆಗಳನ್ನು ಕೆಳಕ್ಕೆ ತಿರುಗಿಸುತ್ತದೆ ಎಂಬ ವಿವರಣೆಯನ್ನು ಹೆವಿಸೈಡ್ ಮತ್ತು ಕೆನೆಲಿ 1902ರಲ್ಲಿ ಮುಂದಿಟ್ಟರು.

ಕೂಗಿಗೆ ಬೇಲಿ

ನ್ಯೂಫೌಂಡ್‌ಲ್ಯಾಂಡಿನ ಪ್ರಯೋಗ ಮುಗಿದೊಡನೆ, ಅಲ್ಲಿ ತಂತಿ ಸಂದೇಶದ ಏಕಸ್ವಾಮ್ಯ ಹೊಂದಿದ್ದ ಕೇಬಲ್ ಕಂಪನಿಯೊಂದು ಮಾರ್ಕೋನಿಗೆ ಕಾನೂನು ಕ್ರಮದ ಬೆದರಿಕೆ ಒಡ್ಡಿತು. ಅವರು ಕೆನಡಾಕ್ಕೆ ನೆಲೆ ಬದಲಿಸಬೇಕಾಯಿತು. ವಿಪರ್ಯಾಸವೆಂದರೆ, ಏಕಸ್ವಾಮ್ಯದ ಬಿಸಿ ಉಂಡ ಅವರೇ ಕಡಲಿನ ಮೇಲೆ ಇನ್ನೂ ಬಿಗಿಯಾದ ಏಕಸ್ವಾಮ್ಯ ಕಟ್ಟಲು ಹೊರಟಿದ್ದರು.

ಮಾರ್ಕೋನಿ ಕಂಪನಿ ಹಡಗುಗಳಿಗೆ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಅದನ್ನು ನಡೆಸುವ ಆಪರೇಟರ್ ಕೂಡ ಕಂಪನಿಯ ನೌಕರನೇ. ಹಡಗು ವಿಮೆಯ ಜಗತ್ತಿನಲ್ಲಿ ಹೆಸರಾದ ಲಾಯ್ಡ್ಸ್ ಸಂಸ್ಥೆಯೊಂದಿಗೆ 1901ರಲ್ಲಿ ದೀರ್ಘಾವಧಿಯ ಒಪ್ಪಂದವೂ ಆಯಿತು. ಮಾರ್ಕೋನಿ ಕೇಂದ್ರಗಳು ಮಾರ್ಕೋನಿ ಯಂತ್ರವಿರುವ ಹಡಗುಗಳೊಡನೆ ಮಾತ್ರ ಮಾತನಾಡಬೇಕೆಂಬುದು ನಿಯಮ. ಬೇರೆ ಕಂಪನಿಯ ಯಂತ್ರದಿಂದ ಬಂದ ಸಂದೇಶಕ್ಕೆ ಉತ್ತರವಿಲ್ಲ. 1902ರಲ್ಲಿ ಜರ್ಮನಿಯ ಚಕ್ರವರ್ತಿಯ ತಮ್ಮ ರಾಜಕುಮಾರ ಹೈನ್ರಿಕ್ ಅಮೆರಿಕದಿಂದ ಡಾಯ್ಚ್‌ಲ್ಯಾಂಡ್ ಹಡಗಿನಲ್ಲಿ ಹಿಂದಿರುಗುವಾಗ ಕಳುಹಿಸಲೆತ್ನಿಸಿದ ಸಂದೇಶವನ್ನು ಮಾರ್ಕೋನಿ ಕೇಂದ್ರಗಳು ಸ್ವೀಕರಿಸಲಿಲ್ಲ. ಹಡಗಿನಲ್ಲಿದ್ದದ್ದು ಜರ್ಮನ್ ಯಂತ್ರ.

ಅಪಾಯದ ಕರೆಗೆ ಈ ನಿಯಮದಿಂದ ವಿನಾಯಿತಿ ಇತ್ತೆಂಬುದನ್ನೂ ಹೇಳಬೇಕು. ಕಂಪನಿಯ ವಾದಕ್ಕೂ ಒಂದು ತಳಹದಿಯಿತ್ತು. ಕೇಂದ್ರಗಳನ್ನು ಕಟ್ಟಿದ ಖರ್ಚು ತನ್ನದು, ಪ್ರತಿಸ್ಪರ್ಧಿಗಳು ಅದರ ಲಾಭವನ್ನು ಪುಕ್ಕಟೆ ಪಡೆಯುವುದು ನ್ಯಾಯವಲ್ಲ ಎಂದು ಅದು ಹೇಳುತ್ತಿತ್ತು. ಆದರೆ ವಿಪತ್ತು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ದಿನನಿತ್ಯ ಒಬ್ಬರೊಡನೊಬ್ಬರು ಮಾತನಾಡದ ಕೇಂದ್ರಗಳು ಅಪಘಾತದ ರಾತ್ರಿಯಲ್ಲಿ ಏಕಾಏಕಿ ಒಂದಾಗಿ ದುಡಿಯುವುದು ಸುಲಭವಲ್ಲ. ಮಂಜುಗಡ್ಡೆಯ ಎಚ್ಚರಿಕೆ, ಬಿರುಗಾಳಿಯ ಸುದ್ದಿ, ದಾರಿಯ ವಿವರ ಇವೆಲ್ಲ ಅಪಾಯಕ್ಕೆ ಮುನ್ನವೇ ತಲುಪಬೇಕಾದವು.

ಈ ಪ್ರಶ್ನೆಯನ್ನು ಇತ್ಯರ್ಥಪಡಿಸಲು 1903ರಲ್ಲಿ ಬರ್ಲಿನ್‌ನಲ್ಲಿ ರಾಷ್ಟ್ರಗಳ ಸಭೆ ಸೇರಿತು. 1906ರಲ್ಲಿ ಅಲ್ಲಿಯೇ ನಡೆದ ಸಮ್ಮೇಳನದಲ್ಲಿ, ಯಂತ್ರ ಯಾವ ಕಂಪನಿಯದೇ ಆಗಿರಲಿ, ದಡದ ಕೇಂದ್ರಗಳು ಹಡಗುಗಳ ಸಂದೇಶ ಸ್ವೀಕರಿಸಬೇಕೆಂದು ನಿರ್ಧಾರವಾಯಿತು. ಎಸ್‌ಒಎಸ್ ಎಂಬ ಅಪಾಯ ಸಂಕೇತವನ್ನು ಒಪ್ಪಿಕೊಂಡದ್ದೂ ಈ ಸಮ್ಮೇಳನವೇ. ಮಾರ್ಕೋನಿ ಕಂಪನಿ 1904ರಿಂದ ಸಿಕ್ಯೂಡಿ ಎಂಬ ತನ್ನದೇ ಸಂಕೇತ ಬಳಸುತ್ತಿತ್ತು. ಎಸ್‌ಒಎಸ್ ಎಂಬುದು ಯಾವ ಪದಗಳ ಸಂಕ್ಷೇಪವೂ ಅಲ್ಲ. ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ ಬಿಡುವಿಲ್ಲದೆ ಬಂದರೆ ಎಂತಹ ಗದ್ದಲದಲ್ಲಿಯೂ ಗುರುತು ಸಿಗುತ್ತದೆ ಎಂಬುದಷ್ಟೇ ಅದರ ಆಯ್ಕೆಗೆ ಕಾರಣ.

ರಿಪಬ್ಲಿಕ್‌ನಿಂದ ಟೈಟಾನಿಕ್‌ವರೆಗೆ

1909ರ ಜನವರಿ 23ರಂದು ಅಮೆರಿಕದ ನಾಂಟಕೆಟ್ ಬಳಿ ದಟ್ಟ ಮಂಜಿನಲ್ಲಿ ರಿಪಬ್ಲಿಕ್ ಎಂಬ ಪ್ರಯಾಣಿಕರ ಹಡಗಿಗೆ ಫ್ಲೋರಿಡಾ ಎಂಬ ಹಡಗು ಡಿಕ್ಕಿ ಹೊಡೆಯಿತು. ರಿಪಬ್ಲಿಕ್‌ನ ಆಪರೇಟರ್ ಜ್ಯಾಕ್ ಬಿನ್ಸ್, ಗೋಡೆ ಒಡೆದುಹೋದ ಕೋಣೆಯಲ್ಲಿ ಚಳಿಗೆ ನಡುಗುತ್ತ ಗಂಟೆಗಟ್ಟಲೆ ಸಂದೇಶ ಕಳುಹಿಸುತ್ತಲೇ ಇದ್ದರು. ಬಾಲ್ಟಿಕ್ ಹಡಗು ಹುಡುಕಿಕೊಂಡು ಬಂದು ಸುಮಾರು 1,500 ಮಂದಿಯನ್ನು ಪಾರುಮಾಡಿತು. ಡಿಕ್ಕಿಯ ಏಟಿಗೆ ಸಿಕ್ಕಿದ ಕೆಲವರನ್ನು ಬಿಟ್ಟರೆ ಎಲ್ಲರೂ ಬದುಕುಳಿದರು. ನಿಸ್ತಂತು ಎಂಬುದು ಶ್ರೀಮಂತ ಪ್ರಯಾಣಿಕರ ಶುಭಾಶಯ ಸಾಗಿಸುವ ಆಟಿಕೆಯಲ್ಲ ಎಂಬುದು ಲೋಕಕ್ಕೆ ಮನವರಿಕೆಯಾಯಿತು. ಆ ವರ್ಷದ ಕೊನೆಯಲ್ಲಿ ಮಾರ್ಕೋನಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅದನ್ನು ಹಂಚಿಕೊಂಡವರು ಪ್ರತಿಸ್ಪರ್ಧಿ ಜರ್ಮನ್ ವ್ಯವಸ್ಥೆಗೆ ಶ್ರಮಿಸಿದ್ದ ಕಾರ್ಲ್ ಫರ್ಡಿನಾಂಡ್ ಬ್ರೌನ್.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಮಂಜುಗಡ್ಡೆಗೆ ಬಡಿಯಿತು. ಅದರ ಆಪರೇಟರ್‌ಗಳಾದ ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಇಬ್ಬರೂ ಮಾರ್ಕೋನಿ ಕಂಪನಿಯ ನೌಕರರು. ಹಿಂದಿನ ದಿನ ಯಂತ್ರ ಕೆಟ್ಟು, ಗಂಟೆಗಟ್ಟಲೆ ಶ್ರಮಿಸಿ ಅದನ್ನು ಸರಿಪಡಿಸಿದ್ದರು. ಅಷ್ಟರಲ್ಲಿ ಪ್ರಯಾಣಿಕರ ಖಾಸಗಿ ತಂತಿಗಳು ರಾಶಿ ಬಿದ್ದಿದ್ದವು. ಅವುಗಳ ವಿಲೇವಾರಿಯಲ್ಲಿ ಮುಳುಗಿದ್ದಾಗ ಸಮೀಪದ ಕ್ಯಾಲಿಫೋರ್ನಿಯನ್ ಹಡಗಿನಿಂದ ಮಂಜುಗಡ್ಡೆಯ ಎಚ್ಚರಿಕೆ ಬಂತು. ಕೆಲಸಕ್ಕೆ ಅಡ್ಡಿಯಾಯಿತೆಂದು ಫಿಲಿಪ್ಸ್ ಅದನ್ನು ತಡೆದುಬಿಟ್ಟರು. ಕ್ಯಾಲಿಫೋರ್ನಿಯನ್‌ನಲ್ಲಿದ್ದ ಒಬ್ಬನೇ ಆಪರೇಟರ್ ಇಡೀ ದಿನದ ದುಡಿಮೆ ಮುಗಿಸಿ ಯಂತ್ರ ನಿಲ್ಲಿಸಿ ಮಲಗಿದ. ಅದಾದ ಸ್ವಲ್ಪ ಹೊತ್ತಿಗೇ ಅಪಘಾತ ಸಂಭವಿಸಿತು. ಸಮೀಪದ ಹಡಗಿಗೆ ಕೂಗು ಕೇಳಿಸಲಿಲ್ಲ. ದೂರದ ಕಾರ್ಪೇಥಿಯಾದ ಆಪರೇಟರ್ ಹೆರಾಲ್ಡ್ ಕಾಟಮ್ ಇನ್ನೂ ಮಲಗಿರಲಿಲ್ಲವಾದ್ದರಿಂದ ಅವರ ಕಿವಿಗೆ ಬಿತ್ತು. ಮುಂಜಾನೆ 4 ಗಂಟೆಯ ಸುಮಾರಿಗೆ ಆ ಹಡಗು ತಲುಪಿ 700ಕ್ಕೂ ಹೆಚ್ಚು ಮಂದಿಯನ್ನು ಉಳಿಸಿತು. ಸುಮಾರು 1,500 ಮಂದಿ ಮಡಿದರು. ಕೊನೆಯವರೆಗೂ ಕರೆ ಕಳುಹಿಸುತ್ತಿದ್ದ 25 ವರ್ಷದ ಫಿಲಿಪ್ಸ್ ಕೂಡ ಅವರಲ್ಲಿ ಒಬ್ಬರು.

ಆ ಯಾತ್ರೆಗೆ ಮಾರ್ಕೋನಿಗೂ ಆಹ್ವಾನವಿತ್ತು, ಕಚೇರಿ ಕೆಲಸದ ಅನುಕೂಲಕ್ಕಾಗಿ ಅವರು ಮೊದಲೇ ಲುಸಿಟೇನಿಯಾ ಹಡಗಿನಲ್ಲಿ ಹೊರಟಿದ್ದರು ಎಂದು ಮಗಳು ಡೆಗ್ನಾ ಬರೆದ ಜೀವನಚರಿತ್ರೆ ತಿಳಿಸುತ್ತದೆ. ಕಾರ್ಪೇಥಿಯಾ ನ್ಯೂಯಾರ್ಕ್ ತಲುಪಿದ ರಾತ್ರಿ ಅವರು ಬಂದರಿನಲ್ಲಿದ್ದರು. ಬದುಕುಳಿದವರ ಪಾಲಿಗೆ ಅವರು ರಕ್ಷಕರಾಗಿ ಕಂಡರು. ಆದರೆ ಅಮೆರಿಕದ ಸೆನೆಟ್ ಸಮಿತಿಯೆದುರು ಕಠಿಣ ಪ್ರಶ್ನೆಗಳನ್ನೂ ಎದುರಿಸಬೇಕಾಯಿತು. ಆಪರೇಟರ್‌ಗಳು ತಮ್ಮ ಅನುಭವವನ್ನು ಪತ್ರಿಕೆಗೆ ಮಾರಿಕೊಳ್ಳಲೆಂದು, ದಡ ಸೇರುವವರೆಗೆ ಬಾಯಿ ಬಿಡದಿರುವಂತೆ ಕಂಪನಿಯ ಕಡೆಯಿಂದ ಸಂದೇಶ ಹೋಗಿದ್ದುದು ಬಯಲಾಗಿತ್ತು. ನೂರಾರು ಕುಟುಂಬಗಳು ತಮ್ಮವರ ಸುದ್ದಿಗಾಗಿ ಕಾಯುತ್ತಿದ್ದಾಗ ಸುದ್ದಿಯೇ ಸರಕಾದದ್ದು ಜನರನ್ನು ಕೆರಳಿಸಿತು.

ಇದೇ ವರ್ಷ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ, ಹಡಗು ಹಡಗುಗಳ ನಡುವೆಯೂ ಯಂತ್ರದ ಭೇದವಿಲ್ಲದೆ ಸಂಪರ್ಕ ಕಡ್ಡಾಯವೆಂದು ವಿಧಿಸಿತು. 1914ರ ಸಾಗರ ಸುರಕ್ಷತಾ ಒಪ್ಪಂದ, ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಹಗಲಿರುಳೂ ಕಿವಿಗೊಟ್ಟು ಕೂರುವ ವ್ಯವಸ್ಥೆ ಇರಬೇಕೆಂದಿತು. ನಡುವೆ 1913ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮಧ್ಯೆ ಬೆಂಕಿ ಬಿದ್ದ ವೊಲ್ಟರ್ನೊ ಹಡಗಿನ ಕರೆಗೆ ಹತ್ತಾರು ದಿಕ್ಕುಗಳಿಂದ ಹಡಗುಗಳು ಧಾವಿಸಿ 500ಕ್ಕೂ ಹೆಚ್ಚು ಜನರನ್ನು ಕಾಪಾಡಿದವು. ಬೇಲಿ ಕಿತ್ತ ಮೇಲಿನ ಫಲವದು.

ಕಿರು ತರಂಗದ ಕಾಲ

1912ರ ಸೆಪ್ಟೆಂಬರ್‌ನಲ್ಲಿ ಇಟಲಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಮಾರ್ಕೋನಿ ಬಲಗಣ್ಣನ್ನು ಕಳೆದುಕೊಂಡರು. ಮೊದಲ ಮಹಾಯುದ್ಧದಲ್ಲಿ ತಾಯ್ನಾಡಿನ ಸೇನೆಗೆ ಸೇವೆ ಸಲ್ಲಿಸಿದರು. ಯುದ್ಧಾನಂತರ ಎಲೆಟ್ರಾ ಎಂಬ ಹಡಗನ್ನು ಕೊಂಡು ಅದನ್ನೇ ತೇಲುವ ಪ್ರಯೋಗಾಲಯ ಮಾಡಿಕೊಂಡರು. ದೂರ ಹೋಗಲು ಉದ್ದ ಅಲೆಗಳೇ ಬೇಕೆಂದು ತಾವೇ ನಂಬಿ ನಡೆದ ದಾರಿಯನ್ನು ಬಿಟ್ಟು, ಕಿರು ತರಂಗಗಳು ಕಡಿಮೆ ವಿದ್ಯುತ್ತಿನಲ್ಲಿ ಭೂಮಿಯ ಇನ್ನೊಂದು ಮಗ್ಗುಲನ್ನೂ ಮುಟ್ಟಬಲ್ಲವೆಂದು ತಮ್ಮ ಎಂಜಿನಿಯರ್ ಚಾರ್ಲ್ಸ್ ಫ್ರ್ಯಾಂಕ್ಲಿನ್ ಅವರೊಡನೆ ತೋರಿಸಿದರು. ಇದರ ಫಲವಾಗಿ 1927ರಲ್ಲಿ ಪುಣೆ ಸಮೀಪದ ಖಡ್ಕಿ ಮತ್ತು ದೌಂಡ್‌ಗಳಲ್ಲಿ ಸ್ಥಾಪಿಸಿದ ಕೇಂದ್ರಗಳ ಮೂಲಕ ಭಾರತ ಮತ್ತು ಇಂಗ್ಲೆಂಡ್ ನಡುವೆ ನೇರ ನಿಸ್ತಂತು ಸಂಪರ್ಕ ಏರ್ಪಟ್ಟಿತು.

ಕಿರು ತರಂಗ ವಿಪತ್ತಿನಲ್ಲಿ ಎಷ್ಟು ನೆರವಾಗಬಲ್ಲದೆಂಬುದು ಮರುವರ್ಷವೇ ತಿಳಿಯಿತು. 1928ರ ಮೇ 25ರಂದು ಇಟಾಲಿಯಾ ಎಂಬ ವಾಯುನೌಕೆ ಉತ್ತರ ಧ್ರುವದಿಂದ ಹಿಂದಿರುಗುವಾಗ ಹಿಮದ ಮೇಲೆ ಅಪ್ಪಳಿಸಿತು. ಬದುಕುಳಿದವರ ಜತೆ ಒಂದು ಪುಟ್ಟ ಕಿರು ತರಂಗ ಯಂತ್ರವಿತ್ತು. ಆಪರೇಟರ್ ಜುಸೆಪ್ಪೆ ಬಿಯಾಜಿ ದಿನಗಟ್ಟಲೆ ಕರೆ ಕಳುಹಿಸಿದರೂ ಅವರ ನೆಲೆಹಡಗಿನವರಿಗೆ ಅದು ತಲುಪಲಿಲ್ಲ. ಕೊನೆಗೆ ಜೂನ್ 3ರಂದು ಅದನ್ನು ಕೇಳಿಸಿಕೊಂಡದ್ದು ಸೋವಿಯತ್ ರಷ್ಯಾದ ಹಳ್ಳಿಯೊಂದರಲ್ಲಿ ತಾನೇ ಜೋಡಿಸಿದ ಯಂತ್ರದೆದುರು ಕುಳಿತಿದ್ದ ನಿಕೊಲಾಯ್ ಶ್ಮಿಟ್ ಎಂಬ ಹವ್ಯಾಸಿ. ಜುಲೈನಲ್ಲಿ ಕ್ರಾಸಿನ್ ಎಂಬ ಹಿಮಭಂಜಕ ಹಡಗು ಅಲ್ಲಿಗೆ ತಲುಪಿತು. ವಿಪತ್ತಿನ ವೇಳೆ ಹ್ಯಾಮ್‌ಗಳ ಪಾತ್ರಕ್ಕೆ ಇದೊಂದು ಮೊದಲ ದೊಡ್ಡ ನಿದರ್ಶನ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಅಂಡಮಾನ್ ದ್ವೀಪಗಳಿಂದ ಹೊರಲೋಕಕ್ಕೆ ಸುದ್ದಿ ಸಾಗಿಸಿದವರಲ್ಲಿಯೂ ಹ್ಯಾಮ್‌ಗಳಿದ್ದರು.

ಮಾರ್ಕೋನಿ ಕೊನೆಯ ವರ್ಷಗಳಲ್ಲಿ ಸೂಕ್ಷ್ಮ ತರಂಗಗಳತ್ತ ಹೊರಳಿದರು. 1934ರಲ್ಲಿ ಸೆಸ್ಟ್ರಿ ಲೆವಾಂಟೆ ಬಳಿ, ಹೊರಗೇನೂ ಕಾಣದಂತೆ ಮುಚ್ಚಿದ ಕೋಣೆಯಿಂದಲೇ ನಿಸ್ತಂತು ದಿಕ್ಸೂಚನೆಯ ಬಲದಲ್ಲಿ ಹಡಗನ್ನು ಕಿರಿದಾದ ದಾರಿಯಲ್ಲಿ ಸಾಗಿಸಿ ತೋರಿಸಿದರು. ಮಂಜಿನಲ್ಲಿ ನಡೆಯುವ ಅಪಘಾತಗಳನ್ನೇ ತಪ್ಪಿಸುವ ಯತ್ನವದು.

ಕಳಂಕ ಮತ್ತು ಕೀರ್ತಿ

ಅವರ ಬದುಕಿನ ಉತ್ತರಾರ್ಧಕ್ಕೆ ಕಪ್ಪು ನೆರಳೊಂದು ಕವಿದಿದೆ. 1923ರಲ್ಲಿ ಅವರು ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷ ಸೇರಿದರು. 1930ರಲ್ಲಿ ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷರಾದರು. ಅವರ ಅಧಿಕಾರಾವಧಿಯಲ್ಲಿ ಯೆಹೂದಿ ವಿದ್ವಾಂಸರೊಬ್ಬರಿಗೂ ಅಕಾಡೆಮಿಯ ಬಾಗಿಲು ತೆರೆಯಲಿಲ್ಲ. ಅಬಿಸೀನಿಯಾ ಮೇಲಿನ ಆಕ್ರಮಣವನ್ನೂ ಸಮರ್ಥಿಸಿದರು. ಭೇದವಿಲ್ಲದೆ ಎಲ್ಲರ ಕೂಗನ್ನೂ ಕೇಳಿಸುವ ಸಾಧನವನ್ನು ಕೊಟ್ಟ ವ್ಯಕ್ತಿ, ದನಿಗಳನ್ನು ಅಡಗಿಸುವ ಆಡಳಿತಕ್ಕೆ ಹೆಗಲು ಕೊಟ್ಟರೆಂಬುದನ್ನು ಜೀವನಚರಿತ್ರೆ ಮರೆಮಾಚಲಾಗದು.

1937ರ ಜುಲೈ 20ರಂದು ರೋಮ್‌ನಲ್ಲಿ ಹೃದಯಾಘಾತದಿಂದ ಮಾರ್ಕೋನಿ ನಿಧನರಾದರು. ಆಗ ಅವರಿಗೆ 63 ವರ್ಷ. ಮರುದಿನ ಬ್ರಿಟನ್ನಿನ ಅಂಚೆ ಇಲಾಖೆಯ ನಿಸ್ತಂತು ಕೇಂದ್ರಗಳೂ ಬಿಬಿಸಿಯೂ ಎರಡು ನಿಮಿಷ ಮೌನ ತಾಳಿದವು. ನಾಲ್ಕು ತಿಂಗಳ ತರುವಾಯ ನವೆಂಬರ್ 23ರಂದು ಜಗದೀಶಚಂದ್ರ ಬೋಸರೂ ಕಣ್ಮುಚ್ಚಿದರು. 1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಾರ್ಕೋನಿಯ ಶ್ರುತಿ ಹೊಂದಿಸುವ ಪೇಟೆಂಟಿನ ಮುಖ್ಯ ಭಾಗಗಳು ಲಾಜ್, ಟೆಸ್ಲಾ, ಸ್ಟೋನ್ ಅವರ ಹಿಂದಿನ ಕೆಲಸದ ಕಾರಣ ಊರ್ಜಿತವಲ್ಲವೆಂದು ತೀರ್ಪಿತ್ತಿತು. ನಿಸ್ತಂತು ಒಬ್ಬರ ಸೊತ್ತಲ್ಲವೆಂಬ ಮಾತಿಗೆ ನ್ಯಾಯಾಲಯದ ಮುದ್ರೆಯೂ ಬಿದ್ದಿತು.

ಚುಕ್ಕೆ ಗೆರೆಯಿಂದ ಉಪಗ್ರಹಕ್ಕೆ

ಮೋರ್ಸ್ ಸಂಕೇತದ ಅಪಾಯ ಕರೆ ಸುಮಾರು ಒಂದು ಶತಮಾನ ಬಾಳಿತು. 1999ರ ಫೆಬ್ರವರಿ 1ರಂದು ಹೊಸ ಜಾಗತಿಕ ಸಾಗರ ಅಪಾಯ ಸೂಚನಾ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂತು. ಈಗ ಹಡಗಿನಲ್ಲಿ ಒಂದು ಗುಂಡಿ ಒತ್ತಿದರೆ ಹಡಗಿನ ಗುರುತುಸಂಖ್ಯೆ, ಇರುವ ಜಾಗ, ಅಪಾಯದ ಬಗೆ ಎಲ್ಲವೂ ಡಿಜಿಟಲ್ ಸಂದೇಶವಾಗಿ ಹೊರಡುತ್ತವೆ. ಕೇಳುವವರು ಎಚ್ಚರವಾಗಿರಲೇಬೇಕೆಂದಿಲ್ಲ. ಯಂತ್ರವೇ ಕರೆಯನ್ನು ಗುರುತಿಸಿ ಗಂಟೆ ಬಾರಿಸುತ್ತದೆ. ಕ್ಯಾಲಿಫೋರ್ನಿಯನ್‌ನ ಆ ರಾತ್ರಿ ಮರುಕಳಿಸಬಾರದೆಂಬುದೇ ಇದರ ಉದ್ದೇಶ.

ಕೊಸ್ಪಾಸ್-ಸಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ಜಾಲ 406 ಮೆಗಾಹರ್ಟ್ಸ್ ತರಂಗದಲ್ಲಿ ಹೊಮ್ಮುವ ಅಪಾಯ ಸಂಕೇತಗಳನ್ನು ಆಕಾಶದಿಂದಲೇ ಆಲಿಸುತ್ತದೆ. ಶೀತಲ ಸಮರದ ದಿನಗಳಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ, ಕೆನಡಾ ಹಾಗೂ ಫ್ರಾನ್ಸ್ ಜತೆಗೂಡಿ ಕಟ್ಟಿದ ವ್ಯವಸ್ಥೆಯಿದು. ಇದರಲ್ಲಿ ಭಾರತದ ಪಾಲಿನ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರ್ಯಾಕ್ ಆವರಣದಲ್ಲಿ. ಮೀನುಗಾರರಿಗಾಗಿ ಇಸ್ರೊ ರೂಪಿಸಿದ ಅಪಾಯ ಸೂಚನಾ ಯಂತ್ರದ ಕರೆಗಳೂ ಇದೇ ಕೇಂದ್ರಕ್ಕೆ ಬಂದು, ಇಲ್ಲಿಂದ ಕೋಸ್ಟ್ ಗಾರ್ಡ್‌ಗೆ ತಲುಪುತ್ತವೆ. ಸಮುದ್ರವೇ ಇಲ್ಲದ ಊರು ಸಮುದ್ರದ ಕೂಗಿಗೆ ಕಿವಿಯಾಗಿದೆ.

ನೆಲದ ಮೇಲೆಯೂ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸೇವೆಗಳು ಹಲವು ದೇಶಗಳಲ್ಲಿ ಟೆಟ್ರಾ ಮೊದಲಾದ ಡಿಜಿಟಲ್ ರೇಡಿಯೊ ವ್ಯವಸ್ಥೆಗಳಿಗೆ ಬದಲಾಗಿವೆ. ಸದ್ದುಗದ್ದಲ ಸೋಸಿಹೋಗುವುದು, ಗುಂಪಿಗೆ ಒಮ್ಮೆಲೇ ಮಾತು ತಲುಪುವುದು, ತುರ್ತು ಕರೆಗೆ ಉಳಿದೆಲ್ಲ ಮಾತು ದಾರಿ ಬಿಡುವುದು ಇವುಗಳ ಅನುಕೂಲ. ಆದರೆ ಒಂದು ಇಲಾಖೆಯ ರೇಡಿಯೊ ಇನ್ನೊಂದರೊಡನೆ ಮಾತನಾಡದಿದ್ದರೆ ಈ ಅನುಕೂಲಗಳೆಲ್ಲ ನಿಷ್ಪ್ರಯೋಜಕ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಪೊಲೀಸರಿಗೆ ಸಿಕ್ಕ ಎಚ್ಚರಿಕೆಯ ಮಾಹಿತಿ ಗೋಪುರದೊಳಗಿದ್ದ ಅಗ್ನಿಶಾಮಕ ಸಿಬ್ಬಂದಿಗೆ ಸರಿಯಾಗಿ ತಲುಪಲಿಲ್ಲವೆಂದು ತನಿಖಾ ಆಯೋಗ ದಾಖಲಿಸಿತು. ಎರಡೂ ಪಡೆಗಳ ರೇಡಿಯೊ ಬೇರೆ ಬೇರೆಯಾಗಿದ್ದುದೂ, ಪರಸ್ಪರ ಸಮನ್ವಯ ಇಲ್ಲದಿದ್ದುದೂ ಇದಕ್ಕೆ ಕಾರಣಗಳಲ್ಲಿ ಸೇರಿದ್ದವು.

1902ರಲ್ಲಿ ಡಾಯ್ಚ್‌ಲ್ಯಾಂಡ್ ಹಡಗಿನ ಮುಂದಿದ್ದ ಪ್ರಶ್ನೆಯೇ ನೂರು ವರ್ಷಗಳ ಅನಂತರವೂ ಬೇರೆ ರೂಪದಲ್ಲಿ ಎದುರಾಗಿತ್ತು. ಕರೆ ಕಳುಹಿಸುವ ತಂತ್ರವನ್ನು ಮಾರ್ಕೋನಿ ಕೊಟ್ಟರು. ಅದನ್ನು ಯಾರು ಬೇಕಾದರೂ ಕೇಳಬಹುದು, ಕೇಳಿದವರು ಉತ್ತರಿಸಲೇಬೇಕು ಎಂಬ ನಿಯಮವನ್ನು ಮಾತ್ರ ರಾಷ್ಟ್ರಗಳು ಕೂಡಿ, ಅನೇಕ ಜೀವಗಳನ್ನು ಕಳೆದುಕೊಂಡ ಮೇಲೆ ರೂಪಿಸಬೇಕಾಯಿತು. ಪೊಂಟೆಕ್ಕಿಯೊದ ಆ ಹಳೆಯ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ, ಅಲ್ಲಿಯೇ ಮಾರ್ಕೋನಿಯ ಸಮಾಧಿಯೂ ಇದೆ. ಸುತ್ತಲಿನ ಪಟ್ಟಣಕ್ಕೆ ಸಾಸೊ ಮಾರ್ಕೋನಿ ಎಂದೇ ಹೆಸರು. ಹೊಸ ಸಂಪರ್ಕ ಜಾಲಗಳಿಗೆ ಸರ್ಕಾರಗಳು ಕೋಟಿಗಟ್ಟಲೆ ಹಣ ವ್ಯಯಿಸುವಾಗ, ಯಂತ್ರದ ವೇಗದಷ್ಟೇ ಅದು ನೆರೆಯ ಇಲಾಖೆಯೊಡನೆ ಮಾತನಾಡಬಲ್ಲದೇ ಎಂಬುದನ್ನೂ ಪರಿಶೀಲಿಸಬೇಕೆಂಬುದು ಈ ಬದುಕು ಕಲಿಸುವ ಪಾಠ.